ಗುಡ್ಡದ ಊರಿಗೊಂದು ಸುಳ್ಳು ರಜೆ

ವೀಣಾಳ ಅಮ್ಮನಿಗೆ ಕಾಯಿಲೆ ಬರಿಸಿದವಳು ನಾನು.

ಗಾಬರಿಯಾಗಬೇಡಿ. ಆಕೆ ಮೈಸೂರಿನ ಸರಸ್ವತಿಪುರಂನಲ್ಲಿ ಮಗ ಸೊಸೆಯ ಜೊತೆ ಗಟ್ಟಿಮುಟ್ಟಾಗಿದ್ದಾರೆ. ಬೆಳಿಗ್ಗೆ ವಾಕಿಂಗ್, ಸಂಜೆ ಭಜನೆ ಕ್ಲಾಸು, ನಡುವೆ ಸೊಸೆಯ ಜೊತೆ ಸಣ್ಣಪುಟ್ಟ ಜಗಳ. ಇಂಥವರನ್ನು ನಾನು ಶಿಕಾಗೋ ಪಕ್ಕದ ನೇಪರ್‌ವಿಲ್‌ನ ನಮ್ಮ ಅಡುಗೆಮನೆಯಲ್ಲಿ ನಿಂತು, ಸಾರಿಗೆ ಒಗ್ಗರಣೆ ಹಾಕುತ್ತಲೇ, ಫೋನಿನಲ್ಲಿ ಐಸಿಯುಗೆ ಸೇರಿಸಿಬಿಟ್ಟೆ. ಮೂರು ನಿಮಿಷವೂ ಹಿಡಿಯಲಿಲ್ಲ.

ಯಾಕೆ? ಇಟಲಿಗೆ ಹೋಗಬೇಕಿತ್ತಲ್ಲ, ಅದಕ್ಕೆ.

ವೀಣಾ ಮತ್ತು ನಾಗೇಶ ನಮಗೆ ಹಳೆಯ ಪರಿಚಯ. (ಹೆಸರುಗಳನ್ನು ಬದಲಿಸಿದ್ದೇನೆ, ಹುಡುಕಲು ಹೋಗಬೇಡಿ.) ಹನ್ನೊಂದು ವರ್ಷದ ಹಿಂದೆ ಪುಟ್ಟ ಮಗಳ ಕೈ ಹಿಡಿದುಕೊಂಡು ಈ ದೇಶಕ್ಕೆ ಬಂದಾಗ, ನಾವು ಆಗ ಇದ್ದ ವೆಸ್ಟ್‌ಮಂಟ್‌ನಲ್ಲಿ ನಮ್ಮ ಕೆಳಗಿನ ಅಪಾರ್ಟ್‌ಮೆಂಟಿನಲ್ಲಿದ್ದರು. ನಾಗೇಶನಿಗೆ ಡ್ರೈವಿಂಗ್ ಕಲಿಸಿದ್ದು ನಮ್ಮ ಯಜಮಾನರು. ವೀಣಾಳಿಗೆ ಎಲ್ಲಿ ಬೇಳೆ ಸಿಗುತ್ತದೆ, ಯಾವ ಡಾಕ್ಟರು ಒಳ್ಳೆಯವರು ಎಂದೆಲ್ಲ ಹೇಳಿಕೊಟ್ಟವಳು ನಾನು. ಅಂದಿನಿಂದ ನಾನು ಅವರಿಗೆ ಅಕ್ಕ. ಈ ಅಂಕಣ ಓದುವವರಿಗೆ ಗೊತ್ತೇ ಇದೆ, ಕೇಳದೆಯೇ ಸಲಹೆ ಕೊಡುವುದರಲ್ಲಿ ನಾನು ಎತ್ತಿದ ಕೈ.

ಎರಡು ವರ್ಷದ ಮೇಲೆ ನಾಗೇಶನಿಗೆ ಡೆಟ್ರಾಯಿಟ್ ಪಕ್ಕದ ಡಿಯರ್‌ಬಾರ್ನ್‌ನಲ್ಲಿ ಕೆಲಸ ಸಿಕ್ಕಿತು. ಕಾರಿನ ಸೀಟುಗಳನ್ನು ಮಾಡುವ ಕಂಪನಿ. ಅಲ್ಲಿಗೆ ಹೋದರೂ ಸ್ನೇಹ ಬಿಡಲಿಲ್ಲ. ಕಳೆದ ವರ್ಷ ವಸಂತದಲ್ಲಿ ನಾಲ್ವರೂ ಕೂತು ಇಟಲಿ ಟ್ರಿಪ್ ಬುಕ್ ಮಾಡಿದೆವು. ಒಂದು ವರ್ಷ ಮುಂಚೆಯೇ ಬುಕ್ ಮಾಡಿದರೆ ಒಳ್ಳೆಯದು ಎಂದವಳು ಯಾರು ಅಂತ ಕೇಳಬೇಡಿ.

ಆ ಒಂದು ವರ್ಷದಲ್ಲಿ ಏನೇನಾಯಿತು! ಬ್ಯಾಂಕು ಬಿತ್ತು, ಮನೆಗಳ ಬೆಲೆ ಬಿತ್ತು, ಕಾರು ಕೊಳ್ಳುವವರೇ ಇಲ್ಲವಾದರು. ಕಾರು ಬೇಡವಾದರೆ ಸೀಟು ಯಾರಿಗೆ ಬೇಕು? ನಾಗೇಶನ ಆಫೀಸಿನಲ್ಲಿ ಶುಕ್ರವಾರ ಬಂತೆಂದರೆ ಇವತ್ತು ಯಾರ ಕೆಲಸ ಹೋಗುತ್ತದೋ ಎಂದು ಎಲ್ಲರೂ ಲೆಕ್ಕ ಹಾಕುತ್ತಿದ್ದರಂತೆ.

ಹೊರಡಲು ಮೂರು ವಾರ ಇರುವಾಗ ವೀಣಾ ಫೋನ್ ಮಾಡಿದಳು.

"ಅಕ್ಕ, ನಾವು ಬರೋಲ್ಲ. ಇವರು ರಜ ಕೇಳಿದ್ದಕ್ಕೆ ಮ್ಯಾನೇಜರ್ ಟಾಮ್ ಹೇಳಿದಾರಂತೆ, ಇದು ವೆಕೇಶನ್ ತಗೊಳ್ಳೋ ಟೈಮಲ್ಲ, ಎಲ್ಲರ ಕಣ್ಣಿಗೂ ಕಾಣೋ ಹಾಗೆ ಇರು ಅಂತ. ಯಾರನ್ನ ತೆಗೀಬೇಕು ಅಂತ ಲಿಸ್ಟ್ ಮಾಡ್ತಿದಾರಂತೆ."

"ವೆಕೇಶನ್ ಅಂತ ಯಾಕೆ ಹೇಳ್ಬೇಕೇ? ಇಂಡಿಯಾ ಎಮರ್ಜೆನ್ಸಿ ಅಂತ ಹೇಳಿ."

ಇದೊಂದು ಬ್ರಹ್ಮಾಸ್ತ್ರ. ಇಲ್ಲಿರುವ ನಮ್ಮವರಿಗೆಲ್ಲ ಗೊತ್ತು. ಫ್ಲಾರಿಡಾಗೆ ಹೋಗುತ್ತೇನೆಂದರೆ ಹತ್ತು ಪ್ರಶ್ನೆ ಕೇಳುವ ಮ್ಯಾನೇಜರು, ಇಂಡಿಯಾದಲ್ಲಿ ಮನೆಯವರಿಗೆ ಹುಷಾರಿಲ್ಲ ಎಂದರೆ ತಲೆ ತಗ್ಗಿಸಿ, ಹೊರಡು, ಇಲ್ಲಿಯದನ್ನು ನಾವು ನೋಡಿಕೊಳ್ಳುತ್ತೇವೆ ಎನ್ನುತ್ತಾನೆ. ಅಷ್ಟು ದೂರದ ಕಾಯಿಲೆಯನ್ನು ಯಾರು ಹೋಗಿ ಪರೀಕ್ಷೆ ಮಾಡುತ್ತಾರೆ?

ಆದರೆ ಕಾಯಿಲೆ ಯಾರಿಗೆ? ನಾಗೇಶನ ತಂದೆ ತಾಯಿ ಇಬ್ಬರೂ ತೀರಿಕೊಂಡಾಗಿತ್ತು. ಎರಡು ಸಲವೂ ಆಫೀಸಿನವರು ಮನೆಗೆ ಹೂ ಕಳಿಸಿದ್ದರು. ಮೂರನೆಯ ಸಲ ಅವರನ್ನು ಬಳಸುವ ಹಾಗಿರಲಿಲ್ಲ. ಹೀಗಾಗಿ ಸರದಿ ಅತ್ತೆಗೆ ಬಂತು.

"ನಿಮ್ಮಮ್ಮನಿಗೆ ಸೀರಿಯಸ್ ಅಂತ ಹೇಳಿಸು."

"ಅಯ್ಯೋ ಅಕ್ಕ! ಬಿಡ್ತು ಅನ್ನಿ."

"ಬಿಡ್ತು. ಜೀವಕ್ಕೇನೂ ಬೇಡ, ಐಸಿಯು ಸಾಕು. ನೋಡು ವೀಣಾ, ಟ್ರಿಪ್ ಕ್ಯಾನ್ಸಲ್ ಮಾಡಿದ್ರೆ ಕೆಲಸ ಉಳಿಯುತ್ತೆ ಅಂತ ಯಾರಾದ್ರೂ ಬರ್ಕೊಟ್ಟಿದಾರಾ?"

ನನ್ನ ಹತ್ತಿರ ಎಲ್ಲದಕ್ಕೂ ಉತ್ತರವಿತ್ತು. ಅದೇ ನನ್ನ ರೋಗ.

ಸರಿ, ಹೊರಡುವ ಹಿಂದಿನ ದಿನ ನಾಗೇಶ ಬೇಡ ಬೇಡ ಎನ್ನುತ್ತಲೇ ಅತ್ತೆ ಐಸಿಯುನಲ್ಲಿದ್ದಾರೆ ಎಂದು ಟಾಮ್‌ಗೆ ಹೇಳಿದ, ಹೊರಟೆವು. ಮಗಳು ಅದಿತಿಯನ್ನು ಅವಳ ಗೆಳತಿಯ ಮನೆಯಲ್ಲಿ ಬಿಟ್ಟು ಅವರಿಬ್ಬರೂ ನೇಪರ್‌ವಿಲ್‌ಗೆ ಬಂದರು. ಕಾರನ್ನು ನಮ್ಮ ಗರಾಜಿನಲ್ಲಿ ನಿಲ್ಲಿಸಿ, ಒಟ್ಟಿಗೇ ವಿಮಾನ ಹತ್ತಿದೆವು. ರೋಮ್ ನೋಡಿದೆವು, ಫ್ಲಾರೆನ್ಸ್ ನೋಡಿದೆವು. ಅಲ್ಲೆಲ್ಲ ನಾಗೇಶ ಮಂಕಾಗಿಯೇ ಇದ್ದ. ಎಂಥ ಚಂದದ ಮೂರ್ತಿಯ ಮುಂದೆ ನಿಂತರೂ ಜೇಬಿನ ಫೋನನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದ.

ಗುರುವಾರ ಫ್ಲಾರೆನ್ಸ್‌ನಿಂದ ಒಂದು ದಿನದ ಗೈಡೆಡ್ ಟೂರ್. ಗುಡ್ಡಗಳ ಮೇಲಿರುವ ಮಧ್ಯಯುಗದ ಊರುಗಳನ್ನು ತೋರಿಸಿ ಸಂಜೆಗೆ ವಾಪಸ್ಸು ತಂದುಬಿಡುತ್ತಾರೆ. ಗೈಡ್ ಫ್ರಾನ್ಚೆಸ್ಕಾ ಎಂಬ ಹುಡುಗಿ. ಕೋಲಿನ ತುದಿಗೆ ಕಿತ್ತಳೆ ಬಣ್ಣದ ಸ್ಕಾರ್ಫು ಕಟ್ಟಿಕೊಂಡು ಮುಂದೆ ನಡೆಯುತ್ತಾಳೆ. ನಾವು ನಲವತ್ತು ಜನ ಸ್ಕೂಲು ಮಕ್ಕಳ ಹಾಗೆ ಹಿಂದೆ.

ಬಸ್ಸು ಹತ್ತಿದ ಕೂಡಲೇ ನಾಗೇಶ ಕೂರುವ ಬದಲು ಸೀಟನ್ನು ಎರಡು ಹೆಬ್ಬೆರಳಿನಿಂದ ಒತ್ತಿ ನೋಡಿದ. ಬೆನ್ನಿನ ಕಡೆ ಬಗ್ಗಿ ಲಿವರ್ ಎಳೆದ.

"ಫೋಮ್ ಸತ್ತೋಗಿದೆ ಅಕ್ಕ. ಎರಡೇ ಗಂಟೇಲಿ ನಿಮ್ಮ ಸೊಂಟ ಹಿಡ್ಕೊಳ್ಳುತ್ತೆ, ಬರೆದಿಟ್ಕೊಳ್ಳಿ."

ಹಿಡಿದುಕೊಂಡಿತು ಕೂಡ. ಕೆಲಸದಲ್ಲಿ ಅವನು ಅಷ್ಟು ನಿಷ್ಣಾತ. ಒಂಬತ್ತು ವರ್ಷ ಜನ ಹೇಗೆ ಕೂರುತ್ತಾರೆ ಎಂಬುದನ್ನೇ ನೋಡಿದವನು.

ಮೊದಲು ಸಿಯೆನಾ. ಊರ ನಡುವೆ ತಟ್ಟೆಯ ಹಾಗೆ ಒಳಕ್ಕೆ ಇಳಿಜಾರಾಗಿರುವ ದೊಡ್ಡ ಚೌಕ. ಜನ ಅಲ್ಲಿ ಇಟ್ಟಿಗೆಯ ನೆಲದ ಮೇಲೇ ಆರಾಮಾಗಿ ಬಿಸಿಲಿಗೆ ಮಲಗಿದ್ದರು. (ಶಿಕಾಗೋದಲ್ಲಿ ಹಾಗೆ ಮಲಗಿದರೆ ಯಾರಾದರೂ ನೈನ್ ಒನ್ ಒನ್‌ಗೆ ಫೋನ್ ಮಾಡುತ್ತಾರೆ.) ವೀಣಾಳೂ ಮಲಗಿದಳು. ನಾಗೇಶ ಮಾತ್ರ ನಿಂತೇ ಇದ್ದ.

ಮಧ್ಯಾಹ್ನದ ಹೊತ್ತಿಗೆ ಸ್ಯಾನ್ ಜಿಮಿನಿಯಾನೊ. ಚಿಕ್ಕ ಊರು. ಸುತ್ತ ಕೋಟೆ ಗೋಡೆ, ಒಳಗೆ ಆಕಾಶಕ್ಕೆ ಎದ್ದು ನಿಂತ ಕಲ್ಲಿನ ಗೋಪುರಗಳು. ದೇವಸ್ಥಾನದ್ದಲ್ಲ, ಮನೆಗಳದ್ದು! ಫ್ರಾನ್ಚೆಸ್ಕಾ ಕಥೆ ಹೇಳಿದಳು. ಇಲ್ಲಿಯವರು ಕೇಸರಿ ವ್ಯಾಪಾರ ಮಾಡಿ ದುಡ್ಡು ಮಾಡಿದರಂತೆ. ಪಕ್ಕದವನು ಒಂದು ಗೋಪುರ ಕಟ್ಟಿದರೆ ಇವನು ಅದಕ್ಕಿಂತ ಎತ್ತರದ್ದು ಕಟ್ಟಬೇಕು. ಒಳಗೆ ಸರಿಯಾಗಿ ವಾಸ ಮಾಡಲೂ ಬಾರದ ಗೋಪುರ. (ನಮ್ಮ ಬಡಾವಣೆಯ ಮೂರು ಕಾರಿನ ಗರಾಜುಗಳು ನೆನಪಾದವು.)

ಆಮೇಲೆ ಪ್ಲೇಗು ಬಂತು. ಅರ್ಧ ಊರು ಸತ್ತಿತು. ವ್ಯಾಪಾರದ ದಾರಿ ಬೇರೆ ಕಡೆ ತಿರುಗಿತು. ಹಳೆಯದನ್ನು ಕೆಡವಿ ಹೊಸದು ಕಟ್ಟಲು ಯಾರಲ್ಲೂ ಶಕ್ತಿ ಉಳಿಯಲಿಲ್ಲ. ಹಾಗಾಗಿ ಊರು ಇದ್ದ ಹಾಗೇ ನಿಂತುಬಿಟ್ಟಿತು.

"ಈ ಚಂದವನ್ನು ಕಾಪಾಡಿದ್ದು ಬಡತನ," ಎಂದು ಫ್ರಾನ್ಚೆಸ್ಕಾ ನಗುತ್ತಾ ಹೇಳಿದಳು. ದಿನಾ ಹೇಳುವ ಮಾತಿರಬೇಕು. ಎಲ್ಲರೂ ಕ್ಯಾಮೆರಾ ಎತ್ತಿದರು.

ನಾಗೇಶ ಕೈ ಎತ್ತಿದ. ಇಡೀ ಟೂರಿನಲ್ಲಿ ಅವನು ಕೇಳಿದ ಒಂದೇ ಪ್ರಶ್ನೆ ಅದು: "ಕೆಲಸ ಹೋದ ಮೇಲೆ ಇಲ್ಲಿಯ ಜನ ಎಲ್ಲಿಗೆ ಹೋದರು?"

"ಒಳ್ಳೆಯ ಪ್ರಶ್ನೆ," ಎಂದಳು ಆಕೆ. ಗಡಿಯಾರ ನೋಡಿಕೊಂಡಳು. "ಈಗ ನಿಮಗೆಲ್ಲ ನಲವತ್ತೈದು ನಿಮಿಷ ಫ್ರೀ ಟೈಮ್."

ಆ ನಲವತ್ತೈದು ನಿಮಿಷದ ಬಗ್ಗೆ ನಾನು ನಿಮಗೆ ಹೇಳಲೇಬೇಕು.

ಬೇಕರಿಯಲ್ಲಿ ಬ್ರೆಡ್ಡು ಕೊಂಡೆವು. ಆ ಕಡೆಯ ಬ್ರೆಡ್ಡಿಗೆ ಉಪ್ಪೇ ಹಾಕುವುದಿಲ್ಲ. ಸಪ್ಪೆ ಎಂದರೆ ಸಪ್ಪೆ. ವೀಣಾ ಕೈಚೀಲದಿಂದ ಚಟ್ನಿಪುಡಿಯ ಡಬ್ಬಿ ತೆಗೆದಳು. ಕೋಟೆ ಗೋಡೆಯ ಮೇಲೆ ನಾಲ್ವರೂ ಸಾಲಾಗಿ ಕೂತು, ಬ್ರೆಡ್ಡಿಗೆ ಆಲಿವ್ ಎಣ್ಣೆ ಸುರಿದು ಚಟ್ನಿಪುಡಿ ಉದುರಿಸಿ ತಿಂದೆವು. ಕೆಳಗೆ ದ್ರಾಕ್ಷಿ ತೋಟಗಳು. ಗಾಳಿ. ಅಷ್ಟು ರುಚಿಯ ಊಟ ನಾನು ಇತ್ತೀಚೆಗೆ ಮಾಡಿದ್ದಿಲ್ಲ.

ಆಗ ತಲೆಯ ಮೇಲೆ ಚರ್ಚಿನ ಗಂಟೆ ಢಣಢಣ ಮೊಳಗಿತು. ನಾಗೇಶ ಬೆಚ್ಚಿಬಿದ್ದು ಫೋನ್ ತೆಗೆದ.

"ಟಾಮ್ ಈಗ ಫೋನ್ ಮಾಡಿದ್ರೆ ಏನಕ್ಕ ಮಾಡೋದು? ಐಸಿಯುನಲ್ಲಿ ಗಂಟೆ ಎಲ್ಲಿಂದ ಬಂತು ಅಂತಾರೆ."

"ಮೈಸೂರಲ್ಲೂ ದೊಡ್ಡ ಚರ್ಚಿದೆ ಅನ್ನು," ಎಂದರು ನಮ್ಮ ಯಜಮಾನರು.

ನಾನು ಕೈ ಚಾಚಿದೆ. "ಆಫ್ ಮಾಡೋ ಅದನ್ನ. ಆಸ್ಪತ್ರೆಯಲ್ಲಿ ಇರೋನು ಫೋನ್ ಆನ್ ಇಟ್ಕೊಂಡಿರ್ತಾನಾ? ಇವತ್ತೊಂದು ದಿನ ಮನುಷ್ಯನ ಥರ ಇರು."

ಅವನು ನನ್ನ ಮುಖ ನೋಡಿದ. ಗುಂಡಿ ಒತ್ತಿ ಹಿಡಿದ. ಫೋನ್ ಕಪ್ಪಾಯಿತು. ಆಮೇಲೆ ನಕ್ಕ ನೋಡಿ, ತಿಂಗಳುಗಟ್ಟಲೆ ಒಳಗೇ ಇಟ್ಟುಕೊಂಡಿದ್ದ ನಗು. ಚಟ್ನಿಪುಡಿ ನೆತ್ತಿಗೇರಿ ಕೆಮ್ಮಿದ, ವೀಣಾ ಬೆನ್ನು ತಟ್ಟಿದಳು, ಮತ್ತೆ ನಕ್ಕ. ಫೋಟೋ ನಮ್ಮ ಕಂಪ್ಯೂಟರಿನಲ್ಲಿದೆ. ನೋಡುವ ಧೈರ್ಯವಾಗುತ್ತಿಲ್ಲ.

ಶಿಕಾಗೋದ ಓಹೇರ್ ವಿಮಾನ ನಿಲ್ದಾಣದಲ್ಲಿ ಇಳಿದು ಬ್ಯಾಗಿಗೆ ಕಾಯುತ್ತಿದ್ದಾಗ ಅವನು, ಆ ದಿನದಿಂದ ಮುಟ್ಟದೇ ಇದ್ದ ಫೋನನ್ನು ಆನ್ ಮಾಡಿದ. ಟಾಮ್‌ನ ಒಂದೇ ಒಂದು ವಾಯ್ಸ್ ಮೆಸೇಜು. ಗುರುವಾರ ಬಂದದ್ದು, ಅಂದರೆ ನಾವು ಆ ಗೋಡೆಯ ಮೇಲೆ ಕೂತಿದ್ದ ದಿನವೇ. ನಾಗೇಶ ಸ್ಪೀಕರ್ ಹಾಕಿದ. ಟಾಮ್ ಮೆಲ್ಲಗೆ ಹೇಳಿದ್ದರು: ಇಲ್ಲಿಯ ಯಾವುದರ ಬಗ್ಗೆಯೂ ತಲೆ ಕೆಡಿಸಿಕೊಳ್ಳಬೇಡ. ಮನೆಯವರನ್ನು ನೋಡಿಕೋ. ನಾವೆಲ್ಲ ನಿಮಗಾಗಿ ಪ್ರಾರ್ಥನೆ ಮಾಡುತ್ತಿದ್ದೇವೆ.

ವೀಣಾಳ ಕಣ್ಣಲ್ಲಿ ನೀರು ಬಂತು. ನಾನು ಅವಳ ಭುಜ ಹಿಡಿದು ಏನಂದೆ ಗೊತ್ತಾ? "ನೋಡಿದ್ಯಾ? ಅಕ್ಕ ಹೇಳಿರ್ಲಿಲ್ವಾ?"

ಸೋಮವಾರ ನಾಗೇಶ ಆಫೀಸಿಗೆ ಹೋದ. ಮೇಜಿನ ಮೇಲೆ ಒಂದು ಗ್ರೀಟಿಂಗ್ ಕಾರ್ಡು. ಅತ್ತೆ ಬೇಗ ಗುಣವಾಗಲಿ ಎಂದು ಇಡೀ ಟೀಮಿನವರು ಸಹಿ ಹಾಕಿದ್ದರು. ಸಹಿ ಹಾಕಿದವರಲ್ಲಿ ಅರ್ಧದಷ್ಟು ಜನರ ಕುರ್ಚಿ ಖಾಲಿಯಾಗಿತ್ತು.

ಹತ್ತು ಗಂಟೆಗೆ ಟಾಮ್ ರೂಮಿಗೆ ಕರೆದರು. ಮೊದಲ ಪ್ರಶ್ನೆ, "ಅತ್ತೆ ಹೇಗಿದ್ದಾರೆ?"

"ಈಗ ಪರವಾಗಿಲ್ಲ," ಎಂದ ನಾಗೇಶ.

ಆಮೇಲೆ ಟಾಮ್ ವಿಷಯ ಹೇಳಿದರು. ಗುರುವಾರ ಬೆಳಿಗ್ಗೆ ಮೇಲಿನಿಂದ ಆರ್ಡರ್ ಬಂತಂತೆ. ಡಿಯರ್‌ಬಾರ್ನ್‌ನ ವಿಭಾಗವನ್ನು ಮುಚ್ಚಬೇಕು, ಇಬ್ಬರನ್ನು ಮಾತ್ರ ಟೆನೆಸಿಯ ಪ್ಲಾಂಟಿಗೆ ಕಳಿಸಬಹುದು. ಶುಕ್ರವಾರ ಸಂಜೆಯೊಳಗೆ ಆ ಇಬ್ಬರು ಒಪ್ಪಿ, ಅವರ ಹೆಸರು ಮೇಲಕ್ಕೆ ಹೋಗಬೇಕು. "ಮೊದಲು ಬರೆದದ್ದು ನಿನ್ನ ಹೆಸರನ್ನೇ. ಫೋನ್ ಮಾಡಿದೆ, ಆಫ್ ಆಗಿತ್ತು. ಆಸ್ಪತ್ರೆಯಲ್ಲಿದ್ದೀಯ ಅಂದುಕೊಂಡೆ. ಐಸಿಯು ಬಾಗಿಲಲ್ಲಿ ನಿಂತಿರುವವನನ್ನು ಟೆನೆಸಿಗೆ ಹೋಗುತ್ತೀಯಾ ಅಂತ ಕೇಳಲು ಮನಸ್ಸು ಬರಲಿಲ್ಲ, ನಾಗೇಶ್. ಮೆಸೇಜಿನಲ್ಲೂ ಅದನ್ನು ಹೇಳಲಾಗಲಿಲ್ಲ." ಹಾಗೆನ್ನುವಾಗ ಟಾಮ್ ಅಳುತ್ತಿದ್ದರಂತೆ.

ಬೇರೆ ಇಬ್ಬರು ಹೋದರು. ಟೆನೆಸಿಗಾದರೆ ನಾಗೇಶ ನಡೆದುಕೊಂಡಾದರೂ ಹೋಗುತ್ತಿದ್ದ.

ಅವನದು ಎಚ್-ಒನ್ ವೀಸಾ. ಗ್ರೀನ್ ಕಾರ್ಡಿನ ಕ್ಯೂನಲ್ಲಿ ವರ್ಷಗಟ್ಟಲೆ ನಿಂತಿದ್ದಾನೆ. ಕೆಲಸ ಹೋದರೆ ಕ್ಯೂ ಹೋಯಿತು, ಈ ದೇಶದಲ್ಲಿರುವ ಹಕ್ಕೂ ಹೋಯಿತು. ಕಂಪನಿ ಕೆಲವು ವಾರ ಸಂಬಳದ ಪುಸ್ತಕದಲ್ಲಿ ಅವನ ಹೆಸರು ಇಟ್ಟುಕೊಂಡಿತು, ಅಷ್ಟರಲ್ಲಿ ಎಲ್ಲ ಕಡೆ ಅಪ್ಲೈ ಮಾಡಿದ. ಡೆಟ್ರಾಯಿಟ್ ಸುತ್ತಮುತ್ತ ಆಗ ಕೆಲಸ ಕೊಡುವವರು ಯಾರಿದ್ದರು? ಮನೆ ಮುಂದೆ ಫಾರ್ ಸೇಲ್ ಬೋರ್ಡು ನೆಟ್ಟರು. ಆ ಬೀದಿಯಲ್ಲಿ ಅಂಥವು ಆಗಲೇ ಐದಿದ್ದವು. ಅದಿತಿಗೆ ಹೈಸ್ಕೂಲ್ ಮುಗಿಯಲು ಇನ್ನೊಂದೇ ವರ್ಷವಿತ್ತು.

ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಇಲ್ಲಿ ಮಾಡಿದವಳು ನಾನು, ಉಣ್ಣುತ್ತಿರುವವರು ಅವರು.

ಕಳೆದ ಶನಿವಾರ, ಇಂಡಿಯಾಗೆ ವಾಪಸ್ಸಾಗುತ್ತಿರುವ ಅವರ ಪ್ಯಾಕಿಂಗಿಗೆ ನೆರವಾಗಲೆಂದು ನಾಲ್ಕೂವರೆ ಗಂಟೆ ಡ್ರೈವ್ ಮಾಡಿಕೊಂಡು ಹೋದೆವು. ಅದಿತಿ ಬಾಗಿಲು ತೆಗೆದಳು. "ಹಾಯ್ ಆಂಟಿ. ಮಾಮ್ ಈಸ್ ಅಪ್‌ಸ್ಟೇರ್ಸ್," ಎಂದವಳೇ ತನ್ನ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ವೀಣಾ ಸೀರೆ ಮಡಿಸುತ್ತಿದ್ದಳು. ನನ್ನನ್ನು ಒಂದು ಮಾತೂ ಬೈಯಲಿಲ್ಲ. ಕಾಫಿ ಕೊಟ್ಟಳು. ಮುಖ ಮಾತ್ರ ನೋಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಾನು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ.

ಗರಾಜಿನಲ್ಲಿ ನಾಗೇಶ ಪೆಟ್ಟಿಗೆಗಳಿಗೆ ಟೇಪು ಹಚ್ಚುತ್ತಿದ್ದ. ನಾನು ಹೇಳಿಬಿಟ್ಟೆ.

"ನಾನು ಟಾಮ್‌ಗೆ ಪತ್ರ ಬರೀತೀನಿ ಕಣೋ. ಸುಳ್ಳು ನನ್ನದು, ನಾಗೇಶ ಬೇಡ ಅಂದಿದ್ದ ಅಂತ. ಟೆನೆಸಿಯಲ್ಲಿ ಇನ್ನೊಂದು ಜಾಗ ಇದ್ರೂ ಇರಬಹುದು."

"ಇಲ್ಲ ಅಕ್ಕ. ಕೇಳಿದೀನಿ."

"ಆದ್ರೂ ಅವರಿಗೆ ನಿಜ ಗೊತ್ತಾಗ್ಲಿ."

ಅವನು ಟೇಪಿನ ಉಂಡೆಯನ್ನು ಪೆಟ್ಟಿಗೆಯ ಮೇಲಿಟ್ಟ.

"ಹೋದ ವಾರ ಟಾಮ್‌ರನ್ನೂ ತೆಗೆದುಬಿಟ್ರು ಅಕ್ಕ. ಇಪ್ಪತ್ತಾರು ವರ್ಷದ ಸರ್ವಿಸ್. ನಿನ್ನೆ ಫೋನ್ ಮಾಡಿ ಏನಂದ್ರು ಗೊತ್ತಾ? ಒಂದು ಸಮಾಧಾನ ನಾಗೇಶ್, ನೀನಾದ್ರೂ ಇಂಥ ಹೊತ್ತಲ್ಲಿ ಅತ್ತೆ ಹತ್ರ ಇರ್ತೀಯಲ್ಲ ಅಂದ್ರು. ಅವರಿಗೆ ಉಳಿದಿರೋದು ಅದೊಂದೇ. ಅದನ್ನೂ ಯಾಕೆ ಕಿತ್ಕೊಳ್ಳೋಣ?"

ನಾನು ಪತ್ರ ಬರೆಯಲಿಲ್ಲ. ಇದನ್ನು ಬರೆದೆ. (ಟಾಮ್‌ಗೆ ಕನ್ನಡ ಬರುವುದಿಲ್ಲ, ಅದೇ ಧೈರ್ಯ.) ಬರುವ ಶುಕ್ರವಾರ ಅವರ ವಿಮಾನ.

ಸುಳ್ಳು ಹೇಳಿದವನು ದೇಶ ಬಿಟ್ಟು ಹೋಗುತ್ತಿದ್ದಾನೆ, ಹೇಳಿಕೊಟ್ಟವಳು ಇಲ್ಲೇ ಹಾಯಾಗಿರುತ್ತಾಳೆ. ಇದು ಯಾವ ಸೀಮೆಯ ನ್ಯಾಯ, ನೀವೇ ಹೇಳಿ?