ಇಳಿಜಾರಿನಲ್ಲಿ ನಿಲ್ಲಿಸಿದ ಕಾರು

2025ರ ಜುಲೈ 4, ಶುಕ್ರವಾರ, ಬೆಳಿಗ್ಗೆ ಏಳೂವರೆ. ಹಾಸನದ ಬ್ಯಾಟರಿ ಅಂಗಡಿಯೊಂದರಲ್ಲಿ ನನಗೆ ಮನೆಮನೆಗೆ ಹೋಗಿ ಬ್ಯಾಟರಿ ಪರೀಕ್ಷಿಸುವ ಕೆಲಸ. ಅರಕಲಗೂಡು, ಚನ್ನರಾಯಪಟ್ಟಣದವರೆಗೂ ಸುತ್ತುತ್ತೇನೆ. ಅಂದಿನ ಮೊದಲ ಮನೆ ಹೊಳೆನರಸೀಪುರದ ಕೆಂಚೇಗೌಡರದು. ಕರೆಸಿದ್ದು ಅವರ ಹೆಂಡತಿ ಜಯಮ್ಮ. ವಾರಕ್ಕೆರಡು ಸಲ ಆಕೆ ಡಯಾಲಿಸಿಸ್‌ಗೆ ಹಾಸನಕ್ಕೆ ಹೋಗುತ್ತಿದ್ದುದು ಆ ಹಳೆಯ ಡೀಸೆಲ್ ಕಾರಿನಲ್ಲೇ.

ರಾತ್ರಿಯೆಲ್ಲ ನಿಂತಿದ್ದ ಕಾರಿನ ಬ್ಯಾಟರಿಗೆ ಮಲ್ಟಿಮೀಟರ್ ಹಿಡಿದೆ. 12.5 ವೋಲ್ಟ್, ನೋಡಲು ಸರಿಯಾಗೇ ಇತ್ತು. ಮನೆಯಲ್ಲಿ ಪರೀಕ್ಷಿಸುವವರು ಹೆಚ್ಚಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ನಿಜವಾದ ಪರೀಕ್ಷೆ ಕೀ ತಿರುಗಿಸಿದಾಗ. ಆ ಕ್ಷಣದಲ್ಲಿ ಮೀಟರ್ 9.6ಕ್ಕಿಂತ ಕೆಳಗೆ ಇಳಿಯಬಾರದು. ಗೌಡರು ಕೀ ತಿರುಗಿಸಿದರು. 7.8ಕ್ಕೆ ಕುಸಿಯಿತು. ಎಂಜಿನ್ ಒಮ್ಮೆ ನರಳಿ ಸುಮ್ಮನಾಯಿತು. ಬ್ಯಾಟರಿ ಬದಲಿಸಲೇಬೇಕು ಎಂದೆ.

“ನಾನು ಕೀ ತಿರುಗ್ಸಿ ಸ್ಟಾರ್ಟ್ ಮಾಡೋದೇ ಇಲ್ಲ ಕಣಪ್ಪ,” ಎಂದು ಗೌಡರು ನಕ್ಕರು.

ಮನೆ ಮುಂದೆ ಒಳ್ಳೆಯ ಇಳಿಜಾರಿತ್ತು. ಕಾರಿನ ಮೂತಿ ಕೆಳಮುಖ ಮಾಡಿ ನಿಲ್ಲಿಸುವುದು, ಉರುಳಬಿಟ್ಟು ಸೆಕೆಂಡ್ ಗೇರಿನಲ್ಲಿ ಕ್ಲಚ್ ಬಿಟ್ಟು ಎಂಜಿನ್ ಸ್ಟಾರ್ಟ್ ಮಾಡುವುದು ಅವರ ಪದ್ಧತಿ. ಆಸ್ಪತ್ರೆಯ ಹಿಂದೆಯೂ ಅಂಥದ್ದೇ ಜಾಗ ಹುಡುಕಿಟ್ಟಿದ್ದರು.

“ದಾರೀಲಿ ಆಫ್ ಆದ್ರೆ?” ಎಂದೆ.

“ಆಫ್ ಆಗಕ್ಕೆ ಬುಟ್ರೆ ತಾನೆ?”

ಜಯಮ್ಮ ಬಾಗಿಲಿನಿಂದಲೇ ಅಂದರು: “ಇವ್ರಿಗೆ ಇಳಿಜಾರು ಒಂದಿದ್ರೆ ಎಂಜಿನ್ನೇ ಬ್ಯಾಡ ಕಣಪ್ಪ.”

“ಮಳೆಗಾಲ ಕಳೀಲಿ, ಒಸದು ಆಕುಸ್ತೀನಿ. ಸುಮ್ಕಿರಮ್ಮಿ.”

ಬೈಕಿಗೆ ಕಟ್ಟಿ ತಂದಿದ್ದ ಹೊಸ ಬ್ಯಾಟರಿಯನ್ನು ವಾಪಸು ಒಯ್ದೆ.

ಜುಲೈ 9, ಬುಧವಾರ, ಬೆಳಿಗ್ಗೆ ಆರೂ ನಲವತ್ತಕ್ಕೆ ಗೌಡರ ಫೋನ್. “ಮೊಸಳೆ ಊರ್ ತಾವ ಕುರಿ ಅಡ್ಡ ಬಂದ್ವು. ಗಾಡಿ ಆಫ್ ಆಗೋಯ್ತು. ಇಲ್ಲಿ ಎಲ್ಲಾ ಸಮ ಐತೆ ಕಣಪ್ಪ.”

ನಾನು ಹೋದಾಗ ಜಯಮ್ಮ ರಸ್ತೆಬದಿಯ ಕಲ್ಲಿನ ಮೇಲೆ ಕೂತಿದ್ದರು. ಕಾಲು ಊದಿತ್ತು. ಒಂದು ಮಾತಿಗೆ ಎರಡು ಸಲ ಉಸಿರೆಳೆಯುತ್ತಿದ್ದರು.

“ಯಾರೂ ನಿಲ್ಲಿಸ್ಲಿಲ್ಲ. ನಾನೇ ತಳ್ದೆ. ಸ್ಟೇರಿಂಗು... ನಂಗೆ ಬರಲ್ವಲ್ಲ.”

ಗೌಡರು ಸ್ಟೀರಿಂಗ್ ಹಿಡಿದೇ ಕೂತಿದ್ದರು, ಇಳಿದಿರಲಿಲ್ಲ.

ಹೊಸ ಬ್ಯಾಟರಿ ಹಾಕಿದೆ. ಮೊದಲ ಕೀಗೇ ಎಂಜಿನ್ ಸ್ಟಾರ್ಟ್ ಆಯಿತು. ಆಸ್ಪತ್ರೆಯಲ್ಲಿ ಆಕೆಯನ್ನು ನೇರ ಐಸಿಯುಗೆ ಒಯ್ದರು. ಶನಿವಾರ ತೀರಿಕೊಂಡರು. ಹೃದಯ ಮೊದಲೇ ದುರ್ಬಲವಾಗಿತ್ತು, ತಳ್ಳಿದ್ದರಿಂದಲೇ ಹೀಗಾಯಿತೆಂದು ಹೇಳಲಾಗದು ಎಂದರು ವೈದ್ಯರು. ಗೌಡರು ಅದನ್ನು ನಂಬಿಲ್ಲ.

ಮೊನ್ನೆ ಹೋದಾಗ ಕಾರು ಮನೆಯ ಹಿಂದಿನ ಸಮನೆಲದಲ್ಲಿತ್ತು. ಬ್ಯಾಟರಿ ಚೆನ್ನಾಗಿದೆ. ಹೋಗಬೇಕಾದವರು ಯಾರೂ ಇಲ್ಲ.

ಮೀಟರ್ ಓದುವುದನ್ನು ಈ ಕೆಲಸ ನನಗೆ ಕಲಿಸಿತು. 7.8 ಎಂದು ಸರಿಯಾಗಿಯೇ ಓದಿದ್ದೆ. ಇಳಿಜಾರನ್ನು ನಂಬಿದವರಿಗೆ ಆ ಅಂಕಿಯನ್ನು ಯಾವ ಮಾತಿನಲ್ಲಿ ಹೇಳಿದರೆ ತಟ್ಟುತ್ತದೆಂಬುದು ಇವತ್ತಿಗೂ ಗೊತ್ತಿಲ್ಲ. ಬಲ್ಲವರಿದ್ದರೆ ದಯವಿಟ್ಟು ಬರೆದು ತಿಳಿಸಿ.