ನಮ್ಮಪ್ಪನ ಫೋರ್ಜರಿ

ನನ್ನನ್ನು ನೋಡಲು ಕುಣಿಗಲ್ ಕಡೆಯ ಗಂಡು ಬಂದದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ನಾವಿದ್ದದ್ದು ಗುಬ್ಬಿಯಲ್ಲಿ. ಅಪ್ಪನಿಗೆ ಕಬ್ಬಿಣದ ಕೆಲಸ. ಮನೆಯ ಹಿಂದೆಯೇ ಕುಲುಮೆ. ನಾನು ದಿನಾ ರೈಲಿನಲ್ಲಿ ತುಮಕೂರಿಗೆ ಹೋಗಿ ಪಿಯುಸಿ ಮುಗಿಸಿದ್ದೆ.

ಗಂಡು ಹೈಸ್ಕೂಲು ಮೇಷ್ಟ್ರು. ಜೊತೆಗೆ ಬಂದಿದ್ದ ಅವರ ದೊಡ್ಡಪ್ಪ ಕೋರ್ಟಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ನಮ್ಮದೇ ಜನ, ಆದರೆ ಅವರ ಮನೆಯವರು ಸುತ್ತಿಗೆ ಬಿಟ್ಟು ಎರಡು ತಲೆಮಾರಾಗಿತ್ತು. ನಾನು ಕಾಫಿ ಕೊಟ್ಟು ಕೂತ ಕೂಡಲೇ ದೊಡ್ಡಪ್ಪ ನನ್ನನ್ನು ಪರೀಕ್ಷಿಸುವವರಂತೆ, ನಿಮ್ಮ ತಂದೆ ಏನು ಮಾಡುತ್ತಾರೆ ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಕುಲುಮೆಗೆ ‘ಫೋರ್ಜ್’ ಅನ್ನುತ್ತಾರೆಂದು ಓದಿದ್ದೆ. ಬೇಕ್ ಮಾಡುವ ಜಾಗ ಬೇಕರಿಯಾದರೆ ಇದು ಫೋರ್ಜರಿ ಆಗಲೇಬೇಕಲ್ಲ.

‘ಮೈ ಫಾದರ್ ಈಸ್ ಡೂಯಿಂಗ್ ಫೋರ್ಜರಿ, ಸಾರ್,’ ಎಂದೆ.

ಅವರ ಕೈಲಿದ್ದ ಲೋಟ ಬಾಯಿಯ ಹತ್ತಿರವೇ ನಿಂತುಬಿಟ್ಟಿತು. ಅಪ್ಪನ ಕಡೆ ತಿರುಗಿ, ‘ಏನ್ರೀ ಇದು? ನೀವು ಫೋರ್ಜರಿ ಮಾಡ್ತೀರಾ?’ ಎಂದರು.

ಅಪ್ಪನಿಗೆ ಇಂಗ್ಲಿಷ್ ಬಾರದು. ಓದಿದ ಮಗಳು ಹೇಳಿದ ಮೇಲೆ ಸರಿಯೇ ಇರುತ್ತದೆಂದುಕೊಂಡು, ‘ಊಂ ಯಜಮಾನ್ರೆ, ನಮ್ಮಪ್ಪನ ಕಾಲ್ದಿಂದ್ಲೂ ಅದೇಯ. ಹಿಂದ್ಗಡೇನೇ ಐತೆ, ಬನ್ನಿ ತೋರಿಸ್ತೀನಿ. ಪೊಲೀಸ್ನೋರೂ ನಮ್ಮತ್ರಾನೇ ಮಾಡಿಸ್ಕೊಂಡೋಗ್ತಾರೆ!’ ಎಂದರು.

ದೊಡ್ಡಪ್ಪ ಎದ್ದೇಬಿಟ್ಟರು. ‘ಏಳೋ, ಹೋಗಣ.’

ಗಂಡಿಗೆ ನಗು ತಡೆಯಲಾಗಲಿಲ್ಲ. ‘ದೊಡ್ಡಪ್ಪ, ಕೂತ್ಕೊಳ್ಳಿ. ಅವ್ರು ಹೇಳ್ತಿರೋದು ಕುಲುಮೆ ವಿಷ್ಯ.’ ಆಮೇಲೆ ನನ್ನ ಕಡೆ ನೋಡಿ, ‘ಫೋರ್ಜರಿ ಅಂದ್ರೆ ಕಳ್ಳ ರುಜು ಹಾಕೋದು ಕಣ್ರೀ. ಜೈಲಿಗೆ ಹೋಗೋ ಕೆಲ್ಸ. ಆದ್ರೆ ಮೂಲ ಪದ ಎರಡಕ್ಕೂ ಒಂದೇ,’ ಎಂದರು.

ಬೆಂಕಿಯ ಮುಂದೆ ಬೆವರು ಸುರಿಸಿ ಕುಡುಗೋಲು ಬಡಿಯುವುದಕ್ಕೂ ಕಳ್ಳ ರುಜುವಿಗೂ ಒಂದೇ ಮಾತೇ? ಹೆತ್ತಪ್ಪನನ್ನು ಕೋರ್ಟಿನವರ ಮುಂದೆ ನಾನೇ ಕಳ್ಳನನ್ನಾಗಿ ಮಾಡಿದ್ದೆ. ಎಲ್ಲರೂ ನಕ್ಕರು, ಅಪ್ಪನೂ. ನಾನು ಮಾತ್ರ ತಲೆ ಎತ್ತಲಿಲ್ಲ.

ಅಮ್ಮ ಕೇಸರಿಬಾತು ತಂದಳು. ಹುಡುಗಿ ಒಪ್ಪಿಗೆ ಎಂದೂ ಆಯಿತು. ಆಗ ದೊಡ್ಡಪ್ಪ ದನಿ ತಗ್ಗಿಸಿ, ‘ಒಂದ್ಮಾತು. ಮದ್ವೆಗೆ ದೊಡ್ಡ ದೊಡ್ಡೋರು ಬರ್ತಾರೆ. ಯಾರಾದ್ರೂ ಕೇಳಿದ್ರೆ ಕುಲುಮೆ ಅನ್ಬೇಡಿ. ತುಮಕೂರಲ್ಲಿ ಫ್ಯಾಕ್ಟ್ರಿ ಇದೆ ಅನ್ನಿ,’ ಎಂದರು.

ಅಪ್ಪ ತಮ್ಮ ಅಂಗೈಯನ್ನೇ ನೋಡಿಕೊಳ್ಳುತ್ತಾ, ‘ಆಗ್ಲಿ ಬುಡಿ,’ ಎಂದರು.

ಮೊದಲಿನದಕ್ಕಿಂತ ದೊಡ್ಡ ಆಘಾತ ಅದು. ಯಾರಿಗೂ ತಲೆ ಬಾಗಿಸದ ಅಪ್ಪ! ನನಗರಿವಿಲ್ಲದೆಯೇ ಬಾಯಿಂದ ಬಂತು: ‘ಹಂಗಾದ್ರೆ ಇದು ಫೋರ್ಜರಿ ಅಲ್ವಾ, ಸಾರ್?’

ಅಮ್ಮ ಸೆರಗು ಬಾಯಿಗಿಟ್ಟುಕೊಂಡಳು. ದೊಡ್ಡಪ್ಪ ಚಪ್ಪಲಿ ಹುಡುಕಿದರು. ಗಂಡು ನನ್ನನ್ನೊಮ್ಮೆ ನೋಡಿ ಅವರ ಹಿಂದೆ ನಡೆದರು. ಆಮೇಲೆ ಆ ಕಡೆಯಿಂದ ಸುದ್ದಿಯೇ ಬರಲಿಲ್ಲ. ಎಂಬತ್ತರ ದಶಕದಲ್ಲಿ ಕ್ಯಾತ್ಸಂದ್ರದವರೊಬ್ಬರೊಂದಿಗೆ ನನ್ನ ಮದುವೆಯಾಯಿತು.

ಆ ದಿನ ಅಪ್ಪ ಬೈಯುತ್ತಾರೆಂದು ಕಾದೆ. ಅವರು ಬಾಗಿಲಲ್ಲೇ ನಿಂತು, ‘ನೀನಂದಿದ್ದು ಸರಿ ಕಣವ್ವ. ಆದ್ರೆ ಹುಡ್ಗ ಒಳ್ಳೇವ್ನಿದ್ದ,’ ಎಂದರು.

ನನಗೂ ಹಾಗೇ ಅನ್ನಿಸಿತ್ತು. ಅಡಿಗೆಮನೆಗೆ ಹೋಗಿ ಅತ್ತುಬಿಟ್ಟೆ.