ತುಪ್ಪದ ಸಾಟಿಯ ಚಿರೋಟಿ

ಗುಬ್ಬಿ ಕಡೆಯ ನಮ್ಮ ಮನೆಗಳ ಮದುವೆಗೆ ಕುಣಿಗಲ್ಲಿನ ಒಬ್ಬರು ಅಡುಗೆಯವರೇ ಬರಬೇಕು, ಅವರ ಚಿರೋಟಿಯೇ ಆಗಬೇಕು. ಯಾರಾದರೂ ಹೊಗಳಿದರೆ ಹೆಗಲ ಟವೆಲ್ಲಿಗೆ ಕೈ ಒರೆಸಿಕೊಳ್ಳುತ್ತಾ, "ನಮ್ದೇನೈತೆ ಬುಡಿ, ಎಲ್ಲಾ ಬೆಂಕಿ ಮಹಿಮೆ" ಅನ್ನುತ್ತಿದ್ದರು.

ನಮ್ಮಕ್ಕನ ಮಗಳ ಮದುವೆಯಲ್ಲಿ, ಚಿರೋಟಿಯ ಹಾಳೆಗಳ ನಡುವೆ ಸವರುವ ಸಾಟಿಗೆ ಅವರು ಎಂದಿನಂತೆ ವನಸ್ಪತಿ ಕೇಳಿದರು. ಅಕ್ಕ ತರಿಸಲಿಲ್ಲ. ಭಾವನಿಗೆ ಆಗಷ್ಟೇ ಸ್ಟೆಂಟ್ ಹಾಕಿದ್ದರು.

"ಅದ್ರಲ್ಲಿರೋ ಟ್ರಾನ್ಸ್ ಫ್ಯಾಟು ಹೃದಯಕ್ಕೆ ಕೆಟ್ಟದ್ದು, ರಕ್ತನಾಳ ಕಟ್ಕೊತದೆ ಅಂತ ಡಾಕ್ಟ್ರು ಹೇಳವ್ರೆ ಕಣಣ್ಣ."

"ಅವ್ರೊಬ್ರಿಗೆ ಬ್ಯಾರೆ ಮಾಡ್ಕೊಡ್ತೀನಿ ಬುಡವ್ವ. ತುಪ್ಪ ಹಾಕಿ ಪದರ ಏಳದಿದ್ರೆ ಬೀಗರ ಮುಂದೆ ನನ್ ಮಾನ ಹೋಯ್ತದೆ."

"ಯಾಕೆ, ಬೀಗರಿಗೇನು ಹೃದಯ ಇಲ್ವಾ, ಎದೇಲಿ ಕಲ್ಲೈತಾ?"

ಅಡುಗೆಯವರು ತುಪ್ಪದ ಡಬ್ಬಿ ಎಳೆದುಕೊಂಡರು. ತುಪ್ಪಕ್ಕೆ ಅಕ್ಕಿಹಿಟ್ಟು ಬೆರೆಸಿ, ಪಾತ್ರೆಯನ್ನು ತಣ್ಣೀರಿನಲ್ಲಿಟ್ಟು, ಬೆಣ್ಣೆಯಂತೆ ಬೆಳ್ಳಗಾಗುವವರೆಗೆ ಅಂಗೈಯಲ್ಲಿ ತಿಕ್ಕಿದರು. ಮೊದಲ ಚಿರೋಟಿ ಎಣ್ಣೆಯಲ್ಲೇ ಚೂರುಚೂರಾಯಿತು. ಎರಡನೆಯದು ಪೂರಿಯಂತೆ ಉಬ್ಬಿ ಕೂತಿತು. ಅಷ್ಟರಲ್ಲಿ ಛತ್ರದ ಮುಂದೆ ಬೀಗರ ಬಸ್ಸು ಬಂದು ನಿಂತಿತು.

"ಸಾಟಿ ತಣ್ಣಗಾಗೋಕೆ ಬುಡ್ದೆ ಅವಸರ ಮಾಡ್ದೆ, ತಪ್ಪು ನಂದೇ" ಎಂದು ಪಾತ್ರೆಯನ್ನು ಮತ್ತೆ ನೀರಿಗಿಟ್ಟು, ಬೇರೆಯವರೆಲ್ಲ ಚಡಪಡಿಸುತ್ತಿದ್ದರೂ ತಾವು ಗೋಡೆಗೊರಗಿ ಕೂತರು. ಆಮೇಲೆ ಲಟ್ಟಿಸಿ ಬಿಟ್ಟ ಚಿರೋಟಿ ಬಾಣಲೆಯಲ್ಲಿ ಮಲ್ಲಿಗೆಯಂತೆ ಪದರ ಪದರವಾಗಿ ಅರಳಿತು.

ಅದನ್ನವರು ಬೀಗರಿಗೆ ಕಳಿಸಲಿಲ್ಲ. ಬಾಳೆಲೆಯ ತುಂಡಿನ ಮೇಲಿಟ್ಟು ತಾವೇ ಒಯ್ದು ಭಾವನ ಮುಂದೆ ಹಿಡಿದರು.

"ತಿನ್ನಿ ಸ್ವಾಮಿ. ಆದ್ರೆ ಒಂದೇ! ತುಪ್ಪ ಅಂತ ಇನ್ನೊಂದಕ್ಕೆ ಕೈ ಹಾಕಿದ್ರೆ ಸಟ್ಟುಗದಲ್ಲಿ ಬಾರುಸ್ತೀನಿ."